ಕೋಳಿ ರಾತ್ರಿ ಕೂರೋ ಮರಕ್ಕೆ ನಿಮ್ಮ ಕಡೆ ಏನಂತೀರಾ? (ಜೊತೆಗೆ ಗೂಡು, ಜಾಲರಿ, ಕವುಚೋದು)

ಎಲ್ರಿಗೂ ನಮಸ್ಕಾರ. ಒಂದೇ ಪದ ಕೇಳೋಣ ಅಂತ ಶುರು ಮಾಡಿದ್ದು, ಬರೀತಾ ಬರೀತಾ ಉದ್ದ ಆಯ್ತು, ಬೈಕೋಬೇಡಿ.

ವಿಷ್ಯ ಏನಂದ್ರೆ ಹಿತ್ತಲಲ್ಲಿ ಎಂಟು ಕೋಳಿಗೆ ಒಂದು ಗೂಡು ಕಟ್ಟಿಸ್ದೆ. ನಾನು ಮಂಡ್ಯ ಕಡೆಯವ್ನು, ಈಗ ಇರೋದು ತುಮಕೂರಿನ ಹೊರಗೆ, ಮರಗೆಲಸಕ್ಕೆ ಸಿಕ್ಕಿದವ್ರು ಹಾವೇರಿ ಕಡೆಯವ್ರು. ಅವರಿಗೆ ನಾನು ಹೇಳಿದ್ದು ಇಷ್ಟೇ: ಒಂದು ಕೋಳಿ ಗೂಡು ಮಾಡ್ಕೊಡಿ, ಒಳಗೆ ಮೊಟ್ಟೆ ಇಡೋಕೆ ಗೂಡು ಇರ್ಲಿ, ಕೂರೋಕೆ ಒಂದು ಅಡ್ಡಮರ, ಸುತ್ತ ಜಾಲರಿ. ಎಲ್ಲಾ ಕನ್ನಡವೇ, ಅವ್ರಿಗೂ ಅರ್ಥ ಆಯ್ತು, ನನಗೂ ಅರ್ಥ ಆಯ್ತು, ಆದ್ರೆ ಇಬ್ರಿಗೂ ಆದ ಅರ್ಥ ಬೇರೆ ಬೇರೆ.

ಸಂಜೆ ಬಂದು ನೋಡ್ತೀನಿ, ಗೋಡೆ ಉದ್ದಕ್ಕೂ ಎಂಟು ಖಾನೆ, ಒಳ್ಳೆ ಹಾಸ್ಟೆಲ್ ರೂಮಿನ ಹಾಗೆ. "ಎಂಟ್ ಕೋಳಿಗೆ ಎಂಟ್ ಗೂಡು ಮಾಡೇನ್ರಿ ಸರ, ಒಂದಕ್ಕೊಂದು ಜಗಳಾ ಆಡೂದಿಲ್ಲ" ಅಂದ್ರು ಪುಣ್ಯಾತ್ಮ. ಅವರ ತಪ್ಪೇನಿಲ್ಲ, ಗೂಡು ಅಂದ್ರೆ ವಾಸ ಮಾಡೋದು ತಾನೇ. ಒಂದಡಿ ಉದ್ದ ಒಂದಡಿ ಅಗಲದ ಪೆಟ್ಟಿಗೆ ನಾಲ್ಕೈದು ಕೋಳಿಗೆ ಒಂದಿದ್ರೆ ಸಾಕು, ಎಂಟಕ್ಕೆ ಎರಡು ಧಾರಾಳ. ಈಗ ಎಂಟು ಖಾನೆ ಇದ್ರೂ ನಮ್ಮ ಯಾಟೆಗಳೆಲ್ಲಾ (ಹೆಣ್ಣು ಕೋಳಿಗಳು) ಮೊಟ್ಟೆ ಇಡೋಕೆ ಮೂಲೇಲಿರೋ ಒಂದೇ ಖಾನೆ ಮುಂದೆ ನಿಂತ್ಕೊಂಡು ಕಾಯ್ತವೆ, ಒಂದೊಂದ್ಸಲ ಒಳಗಿರೋದರ ಬೆನ್ನ ಮೇಲೇ ಇನ್ನೊಂದು ಹತ್ತಿ ಕೂತಿರತ್ತೆ, ಪಕ್ಕದ ಏಳು ಖಾಲಿ.

ಇಲ್ಲಿಂದ ನನಗೆ ಗೂಡು ಅನ್ನೋ ಪದದ ಮೇಲೇ ಅನುಮಾನ ಶುರುವಾಯ್ತು. ಬೇರೆ ಪ್ರಾಣಿಗಳಿಗೆಲ್ಲಾ ನಾವು ಎಷ್ಟು ಅಚ್ಚುಕಟ್ಟಾಗಿ ಹೆಸರಿಟ್ಟಿದೀವಿ ನೋಡಿ, ದನಕ್ಕೆ ಕೊಟ್ಟಿಗೆ, ಕುದುರೆಗೆ ಲಾಯ, ಕುರಿಗೆ ರೊಪ್ಪ. ಕೋಳಿಗೆ ಬಂದ್ರೆ ಗೂಡು, ಅದೇ ಗೂಡು ಹಕ್ಕಿದೂ ಹೌದು, ಜೇನಿಂದೂ ಹೌದು, ರೇಷ್ಮೆಹುಳದ್ದೂ ಹೌದು, ದೀಪ ಇಡೋ ಗೋಡೆ ಗೂಡೂ ಹೌದು, ಎದೆಗೂಡು, ಬೀಡಿ ಮಾರೋ ಗೂಡಂಗಡಿ... ತಮಿಳು ಮಲಯಾಳದಲ್ಲಿ ಕ ಕಾರ ಇಟ್ಕೊಂಡು ಕೂಡು, ತೆಲುಗಲ್ಲಿ ನಮ್ಮ ಹಾಗೇ ಗೂಡು. ಹಳೇ ಪದ, ಗಟ್ಟಿ ಪದ, ಆದ್ರೆ ಕೋಳಿಯ ಮನೆಗೂ ಮನೆಯೊಳಗಿನ ಮೊಟ್ಟೆ ಜಾಗಕ್ಕೂ ಇದೊಂದೇ ಆದ್ರೆ ಮರಗೆಲಸದವ್ರು ಏನ್ ಮಾಡ್ಬೇಕು ಪಾಪ. ನನ್ನ ಸದ್ಯದ ಪರಿಹಾರ, ಹೊರಗಿಂದು ಕೋಳಿಮನೆ, ಒಳಗಿಂದು ಮೊಟ್ಟೆಗೂಡು. ಮರಗೆಲಸದವ್ರು ಅದನ್ನ ತತ್ತಿಗೂಡು ಅಂತ ಮಾಡ್ಕೊಂಡ್ರು (ಅವರ ಕಡೆ ಮೊಟ್ಟೆಗೆ ತತ್ತಿ), ಅದೂ ಚೆನ್ನಾಗಿದೆ.

(ನನ್ನ ತಮ್ಮ ಇದನ್ನೆಲ್ಲಾ ಬಿಟ್ಟು ಸುಮ್ನೆ ಚಿಕನ್ ಕೂಪ್ ಅನ್ನು ಅಂತಾನೆ. ಕೂಪ ಅಂದ್ರೆ ಬಾವಿ ಕಣೋ, ಕೂಪಮಂಡೂಕ ಕೇಳಿಲ್ವಾ, ಕೋಳಿನ ಬಾವಿಗೆ ತಳ್ಳೋಕೆ ಹೊರಟಿದೀಯಾ ಅಂದೆ.)

ತಮಾಷೆ ಏನಂದ್ರೆ ಇಂಗ್ಲಿಷಿನ ಆ ಕೂಪ್ ಕೂಡ ಮೊದಲು ಮನೆ ಅಲ್ಲ, ಕೋಳಿ ಮೇಲೆ ಬೋರಲು ಹಾಕೋ ಬುಟ್ಟಿ. ಇದನ್ನ ಓದಿದಾಗ ನಮ್ಮವ್ವ ನೆನಪಾಯ್ತು. ಹೊತ್ತು ಮುಳುಗ್ತಿದ್ದ ಹಾಗೆ "ಕೋಳಿ ಕವುಚ್ಬುಟ್ಟು ಬಾ ಮಗಾ" ಅಂತಿತ್ತು. ಮೇದರ ಹತ್ರ ತಂದ ಬಿದಿರು ಪಂಜರ ಇಲ್ಲಾ ಹಳೇ ಮಕ್ಕರಿ, ಅದರಡಿ ಕೋಳಿ ತಳ್ಳಿ ಮೇಲೊಂದು ಒರಳುಗುಂಡು ಹೇರಿದ್ರೆ ಆಯ್ತು. ಕಾವಿಗೆ ಕೂರಿಸೋಕೆ ಇನ್ನೊಂದು ಬುಟ್ಟಿ, ತಳದಲ್ಲಿ ಬೂದಿ ಇಲ್ಲಾ ಮರಳು, ಮೇಲೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಮೊಟ್ಟೆ ಮಧ್ಯೆ ಒಂದು ಕಬ್ಬಿಣದ ಚೂರು, ಇಪ್ಪತ್ತೊಂದು ದಿನ. ಕೋಳಿಮನೆ ಅಂತ ಬೇರೆ ಕಟ್ಟಡವೇ ಇರ್ಲಿಲ್ಲ. ನನಗನ್ಸೋದು ಇದಕ್ಕೇ ನಮ್ಮಲ್ಲಿ ಕೋಳಿ ವಿಷ್ಯದ ಪದ ಎಲ್ಲಾ ಕ್ರಿಯಾಪದದಲ್ಲೇ ಇರೋದು: ಕವುಚೋದು, ಕೂಡಿಹಾಕೋದು, ಕಾವು ಕೂರೋದು, ಕೆದಕೋದು, ಹೊರಳೋದು, ಮೇಯೋಕೆ ಬಿಡೋದು. ಪೀಠೋಪಕರಣವೇ ಇಲ್ದಿದ್ಮೇಲೆ ಅದಕ್ಕೆ ಹೆಸರೆಲ್ಲಿಂದ ಬರ್ಬೇಕು. ಈಗ ಇಂಗ್ಲಿಷ್ ನಕ್ಷೆ ನೋಡಿ ಕಟ್ಟೋಕೆ ಹೋದ್ರೆ ಅಲ್ಲಿರೋದೆಲ್ಲಾ ನಾಮಪದ, ನಾವು ತಡಕಾಡ್ತೀವಿ. ಮೊನ್ನೆ ಒಂದು ಅನುವಾದದಲ್ಲಿ ಕೋಳಿ ಓಡಾಡೋ ಬೇಲಿ ಜಾಗಕ್ಕೆ "ಓಟದ ಪ್ರದೇಶ" ಅಂತಿತ್ತು, ಕೋಳಿಗೆ ಕ್ರೀಡಾಕೂಟ ಇಟ್ಟ ಹಾಗೆ. ಬೇಲಿ ಅಂಗಳ ಅಂದ್ರೆ ಸಾಲ್ದಾ? "ಧೂಳಿನ ಸ್ನಾನ" ಅಂತ ಇನ್ನೊಂದು. ಕೋಳಿ ಹೇನು ಹೋಗಿಸ್ಕೊಳ್ಳೋಕೆ ಬೂದಿಲಿ ಹೊರಳತ್ತೆ, ಅಷ್ಟೇ. ನಾನು ಒಂದು ಹಳೇ ಟೈರಿಗೆ ಬೂದಿ ಮಣ್ಣು ತುಂಬಿ ಇಟ್ಟಿದೀನಿ, ಮನೇಲಿ ಅದನ್ನ ಹೊರಳುಗುಂಡಿ ಅಂತೀವಿ, ಗುಂಡಿ ಅಲ್ದಿದ್ರೂ.

ಇನ್ನು ಜಾಲರಿ. ಇದು ನಗೋ ವಿಷ್ಯ ಅಲ್ಲ. ಅಂಗಡಿಗೆ ಹೋಗಿ ಕೋಳಿಗೆ ಜಾಲರಿ ಬೇಕು ಅಂದೆ, ಚಿಕನ್ ಮೆಶ್ ಅಂತ ಸುರುಳಿ ಬಿಚ್ಚಿ ಕೊಟ್ರು, ಆರು ಮೂಲೆ ಕಣ್ಣಿಂದು, ತೆಳ್ಳನೆ ತಂತಿ. ಹೆಸರಲ್ಲೇ ಕೋಳಿ ಇದೆಯಲ್ಲ ಅಂತ ನಾನೂ ತಂದೆ. ಅದು ಕೋಳಿ ಹೊರಗೆ ಹೋಗ್ದಿರೋ ಹಾಗೆ ತಡೆಯೋ ಜಾಲರಿ ಸ್ವಾಮಿ, ಮುಂಗುಸಿ ಒಳಗೆ ಬರ್ದಿರೋ ಹಾಗೆ ಅಲ್ಲ! ಹನ್ನೊಂದನೇ ದಿನ ಬೆಳಿಗ್ಗೆ ಮೂರು ಕೋಳಿ ಕತ್ತಿನ ಹತ್ರ ಕಚ್ಚಿಸ್ಕೊಂಡು ಬಿದ್ದಿದ್ವು, ಮೂಲೇಲಿ ತಂತಿ ಬಿಚ್ಚಿ ಒಂದು ಮುಷ್ಟಿಯಷ್ಟು ಸಂದು. ಬೇಕಿದ್ದಿದ್ದು ವೆಲ್ಡ್ ಮೆಶ್, ಅರ್ಧ ಇಂಚಿನ ಚೌಕ ಕಣ್ಣಿಂದು, ಕೆಳಗೆ ಒಂದಡಿ ಮಣ್ಣಲ್ಲಿ ಹೂತು. ಎರಡಕ್ಕೂ ನಾವು ಜಾಲರಿ ಅಂತಾನೇ ಅನ್ನೋದು. ಆ ಮೇಲೆ ನಾನು ಬಾಯಲ್ಲಿ ಹೇಳೋದು ಬಿಟ್ಟು ಕಣ್ಣಿನ ಅಳತೆ ಚೀಟೀಲಿ ಬರ್ದು ಕೊಡ್ತೀನಿ. ಜಾಲರಿಯ ತೂತಿಗೆ ಕಣ್ಣು ಅನ್ನೋದು ಎಲ್ಲಾ ಕಡೆ ಇದೆಯಾ, ಬಲೆಗೆ ಮಾತ್ರ ಅಂತಾರಾ?

ಈಗ ಮುಖ್ಯ ಪ್ರಶ್ನೆ. ಕೋಳಿ ರಾತ್ರಿ ಹತ್ತಿ ಕೂರೋ ಆ ಅಡ್ಡಮರಕ್ಕೆ ಹೆಸರೇನು? ನಾನು ಅಡ್ಡಮರ ಅಂದೆ, ಅವ್ರು ನೆಲದಿಂದ ಒಂದಡಿ ಎತ್ತರಕ್ಕೆ ಹಾಕಿದ್ರು, ಮೊಟ್ಟೆಗೂಡು ಎರಡೂವರೆ ಅಡಿ ಮೇಲೆ. ಕೋಳಿ ಮಲಗೋದು ಯಾವಾಗ್ಲೂ ಇರೋದ್ರಲ್ಲಿ ಎತ್ತರದ ಜಾಗದಲ್ಲಿ, ಹಾಗಾಗಿ ಅಡ್ಡಮರ ಬಿಟ್ಟು ಮೊಟ್ಟೆಗೂಡಲ್ಲೇ ಮಲಗಿದ್ವು, ಬೆಳಿಗ್ಗೆ ಮೊಟ್ಟೆ ತುಂಬಾ ಹಿಕ್ಕೆ. ಆ ಮರಕ್ಕೆ ಮಲಗೋದನ್ನ ಹೇಳೋ ಹೆಸರಿದ್ದಿದ್ರೆ ಅವ್ರು ಮೇಲೇ ಹಾಕಿರೋರು ಅಂತ ನನ್ನ ವಾದ. ಗಳ ಅಂದ್ರೆ ಬಿದಿರು ಅಂತ ಆಗತ್ತೆ, ತೊಲೆ ಅಂದ್ರೆ ಮನೆ ತೊಲೆ, ಸೂರು ಅಂತೂ ಅಲ್ಲ. ಊರಲ್ಲಿ ಕೋಳಿ ನುಗ್ಗೆಮರ ಹತ್ತಿ ಮಲಗ್ತಿದ್ವು, ಮರಕ್ಕೆ ಮರ ಅನ್ನೋದು ಬಿಟ್ಟು ಇನ್ನೇನು. "ವಿಶ್ರಾಂತಿ ದಂಡ" ಅಂತ ಯಾರಾದ್ರೂ ಸಲಹೆ ಕೊಟ್ರೆ ಉತ್ತರ ಕೊಡಲ್ಲ, ಮೊದ್ಲೇ ಹೇಳಿದೀನಿ.

ಹಾಗೇ ಕೋಳಿನಿದ್ದೆ. ಅರೆಬರೆ ಚಿಕ್ಕ ನಿದ್ದೆಗೆ ಕೋಳಿನಿದ್ದೆ ಅಂತೀವಲ್ಲ, ಆದ್ರೆ ಕತ್ತಲಾದ್ಮೇಲೆ ಆ ಅಡ್ಡಮರದ ಮೇಲಿಂದ ಒಂದನ್ನ ಎತ್ತಿ ನೋಡಿ, ಕತ್ತಲಲ್ಲಿ ಕಣ್ಣು ಕಾಣಲ್ಲ, ಕೊಯ್ಯೋ ಅಂತ ಒಂದ್ಸಲ ಅಂದು ಕುಂಬಳಕಾಯಿ ಥರ ಕೈಯಲ್ಲೇ ಮಲಗಿರತ್ತೆ. ಹಗಲು ಬಿಸಿಲಲ್ಲಿ ಒಂದು ಕಣ್ಣು ಮುಚ್ಚಿ ತೂಕಡಿಸೋದನ್ನ ನೋಡಿ ಬಂದ ಮಾತಿರ್ಬೇಕು.

ಇನ್ನೊಂದು ಸಣ್ಣದು. ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿಸೋಕೆ ಹೋದಾಗ ಚೀಟೀಲಿ ಕೊಕ್ಕರೆ ರೋಗ ಅಂತ ಬರ್ದಿದ್ರು. ರಾಣಿಖೇತ್, ಅದೇ ರೋಗದ ಇಂಗ್ಲಿಷ್ ಹೆಸರು ನ್ಯೂಕ್ಯಾಸಲ್, ಎರಡೂ 1920ರ ದಶಕದಲ್ಲಿ ರೋಗ ಕಾಣಿಸ್ಕೊಂಡ ಊರುಗಳ ಹೆಸರು, ಸರಿ. ಕೊಕ್ಕರೆ ಯಾಕೆ? ಉಸಿರಿಗೆ ಕಷ್ಟಪಟ್ಟು ಕೋಳಿ ಕತ್ತು ನೀಡೋದು ಕೊಕ್ಕರೆ ಥರ ಕಾಣತ್ತೆ ಅಂತಲೋ, ಇಲ್ಲಾ ಆ ಗೊರಗೊರ ಸದ್ದಿಂದ ಬಂದಿದ್ದೋ? ಪಶುವೈದ್ಯರು ಯಾರಾದ್ರೂ ಇದ್ರೆ ಹೇಳಿ.

ಉಳಿದ ಐದು ಚೆನ್ನಾಗಿವೆ. ಭಾನುವಾರ ಮರಗೆಲಸದವ್ರು ಅಡ್ಡಮರ ಮೂರೂವರೆ ಅಡಿಗೆ ಏರಿಸೋಕೆ ಬರ್ತಾರೆ, ಅಷ್ಟರೊಳಗೆ ಉತ್ತರ ಕನ್ನಡ, ಕೊಡಗು, ಬಳ್ಳಾರಿ ಕಡೆಯವ್ರು ನಿಮ್ಮ ಅಜ್ಜಿನೋ ಅತ್ತೇನೋ ಕೇಳಿ ಒಂದು ಹೆಸರು ಕಳ್ಸಿ, ಅವರ ಬಾಯಲ್ಲಿ ನಿಲ್ಲತ್ತಾ ಅಂತ ಅಲ್ಲೇ ಪರೀಕ್ಷೆ ಮಾಡ್ತೀನಿ.