ಬೆಳಗಿನ ತಿಂಡಿ ಮರೆತರೆ ಅದು ಶಾರ್ಟ್ ಟರ್ಮ್ ಮೆಮೊರಿ ತೊಂದರೆಯೇ?

ಪ್ರಶ್ನೆ: ನಮ್ಮ ಅಜ್ಜಿಗೆ ತವರೂರಿನ ಜಾತ್ರೆ, ತನ್ನ ಮದುವೆಗೆ ಬಂದವರ ಹೆಸರು ಎಲ್ಲ ನೆನಪಿದೆ. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದರೆ ಮಾತ್ರ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ಶಾರ್ಟ್ ಟರ್ಮ್ ಮೆಮೊರಿ ಲಾಸ್ ಅನ್ನುತ್ತಾರೆ. ನಾನು ಮೊದಲ ವರ್ಷದ ಬಿಎ ಸೈಕಾಲಜಿ ಓದುತ್ತಿದ್ದೇನೆ. ಪುಸ್ತಕದಲ್ಲಿ ಅದು ಕೆಲವು ಸೆಕೆಂಡುಗಳ ನೆನಪು ಅಂತಿದೆ. ಯಾವುದು ಸರಿ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಪುಸ್ತಕದಲ್ಲಿರುವುದೇ ಸರಿ. ಒಟಿಪಿ ನೋಡಿ ಟೈಪ್ ಮಾಡುವವರೆಗೆ ತಲೆಯಲ್ಲಿ ಇಟ್ಟುಕೊಳ್ಳುತ್ತೀರಲ್ಲ, ಅಷ್ಟೇ ಅದರ ಆಯಸ್ಸು. 1959ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ಸನ್ ದಂಪತಿ ಜನರಿಗೆ ಮೂರು ಅಕ್ಷರ ಕೊಟ್ಟು, ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಬಿಡದೆ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಆಗುವಷ್ಟರಲ್ಲಿ ಬಹುಪಾಲು ಮರೆತೇ ಹೋಗಿತ್ತು. ತಿಂಡಿ ತಿಂದು ಮೂರು ಗಂಟೆಯಾಗಿದ್ದರೆ ಆ ನೆನಪು ದೀರ್ಘಕಾಲದ ಸ್ಮೃತಿಗೆ (ಲಾಂಗ್ ಟರ್ಮ್ ಮೆಮೊರಿ) ಸೇರಿದ್ದು. ಅಜ್ಜಿಗೆ ಕಷ್ಟವಾಗುತ್ತಿರುವುದು ಹೊಸದನ್ನು ಅಲ್ಲಿಗೆ ಸೇರಿಸುವುದು ಇರಬಹುದು.

ಇದು ಇಷ್ಟು ಸ್ಪಷ್ಟವಾಗಿ ತಿಳಿದದ್ದು ಹೆನ್ರಿ ಮೊಲೈಸನ್ ಅವರಿಂದ. ಅಮೆರಿಕದವರು. ಬಹಳ ಕಾಲ ಎಚ್.ಎಂ. ಅಂತಷ್ಟೇ ಗೊತ್ತಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗ ತಡೆಯಲು ಅವರ ಮೆದುಳಿನ ಎರಡೂ ಕಡೆ ಇರುವ, ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಹೊಸ ಘಟನೆ ಯಾವುದೂ ಅವರಲ್ಲಿ ಉಳಿಯಲಿಲ್ಲ. ಹಾಗಿದ್ದೂ 584 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ ಅಂದಾಗ, ಅಂಕಿಗಳನ್ನು ಕೂಡಿಸುತ್ತಾ ಕಳೆಯುತ್ತಾ 15 ನಿಮಿಷ ಹಿಡಿದಿಟ್ಟರು. ಗಮನ ಬೇರೆ ಕಡೆ ಹೋಯಿತು, ಸಂಖ್ಯೆಯೂ ಹೋಯಿತು. ಅಂದರೆ ಅವರ ಅಲ್ಪಕಾಲದ ಸ್ಮೃತಿ (ಶಾರ್ಟ್ ಟರ್ಮ್ ಮೆಮೊರಿ) ಚೆನ್ನಾಗಿಯೇ ಇತ್ತು. ಪರೀಕ್ಷೆಗೆ ಬೇರೇನೂ ನೆನಪಿಲ್ಲದಿದ್ದರೂ ಈ ಒಬ್ಬರನ್ನು ನೆನಪಿಡಿ.

ಪ್ರಶ್ನೆ: ಮೇಡಂ, ಅಜ್ಜಿ ಈಗಲೂ ಮಲ್ಲಿಗೆ ದಂಡೆ ಎಷ್ಟು ಚೆಂದ ಕಟ್ಟುತ್ತಾರೆ ಗೊತ್ತಾ? ಅದು ಹೇಗೆ ಮರೆತಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಕೈಗೆ ಬಂದ ಕೆಲಸದ ಸ್ಮೃತಿಯೇ ಬೇರೆ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ಎಳೆಯಲು ಕೊಟ್ಟರು. ದಿನ ಕಳೆದಂತೆ ತಪ್ಪು ಕಡಿಮೆಯಾಯಿತು. ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ, ಕೈ ಮಾತ್ರ ಕಲಿತಿತ್ತು! ಈ ಬಗೆಯ ಕಲಿಕೆಗೆ ಮೆದುಳಿನ ಬೇರೆ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಂ ಮುಖ್ಯ. ಅಜ್ಜಿಯ ಕೈಗೆ ಹೂವು, ದಾರ ಕೊಡುತ್ತಾ ಇರಿ. ಅವರಿಗೆ ಬರುವ ಕೆಲಸ ಅವರ ಕೈಯಲ್ಲೇ ಇರಲಿ.

ಪ್ರಶ್ನೆ: ಇದು ಮರೆವಿನ ಕಾಯಿಲೆನಾ? ವಯಸ್ಸಾಯ್ತು ಅಂತ ಸುಮ್ನೆ ಬಿಡೋಣವೇ?

ಉತ್ತರ: ದಯವಿಟ್ಟು ಬಿಡಬೇಡಿ. ಅವರನ್ನು ನೋಡದೆ ಕಾಯಿಲೆಯ ಹೆಸರು ಹೇಳುವುದು ತಪ್ಪು. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ, ಖಿನ್ನತೆ ಇದ್ದರೆ, ಕೆಲವು ನಿದ್ದೆ ಮಾತ್ರೆಗಳಿಂದಲೂ ಹೀಗಾಗಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಅದಕ್ಕೇ ನನಗೆ ‘ವಯಸ್ಸಾಯ್ತು’ ಅನ್ನುವ ಮಾತು ಕೇಳಿದರೆ ಸಂಕಟವಾಗುತ್ತದೆ. ನರರೋಗ ತಜ್ಞರು ಅಥವಾ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮರೆವು ಯಾವಾಗ ಶುರುವಾಯಿತು, ಜಾಸ್ತಿಯಾಗುತ್ತಿದೆಯಾ, ದುಡ್ಡಿನ ಲೆಕ್ಕ, ದಾರಿ ತಪ್ಪುತ್ತಿದೆಯಾ ಅಂತ ಬರೆದುಕೊಳ್ಳಿ. ಅಜ್ಜಿ ನುಂಗುವ ಮಾತ್ರೆಗಳನ್ನೆಲ್ಲ, ಚೀಟಿ ಸಮೇತ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.