ಇಗರ್ಜಿ ಓಣಿಯ ಚರಂಡಿ ಚಪ್ಪಡಿ: ಮೊಂತಿ ಹಬ್ಬದ ಒಳಗೆ ಆಗಬೇಕು

ಆಗಸ್ಟ್ 31

ಮನೆ 14: ಎಲ್ಲರಿಗೂ ನಮಸ್ಕಾರ. ನಿನ್ನೆ ಮೊಂತಿ ಹಬ್ಬದ, ಅಂದ್ರೆ ಮರಿಯಮ್ಮನ ಹುಟ್ಟುಹಬ್ಬದ, ನೊವೇನ (ಒಂಬತ್ತು ದಿನದ ಪ್ರಾರ್ಥನೆ) ಶುರುವಾಯಿತು. ಇನ್ನು 7ರ ತನಕ ದಿನಾ ಮಕ್ಕಳು ಹೂವಿನ ತಟ್ಟೆ ಹಿಡಿದು ನಮ್ಮ ಓಣಿಯಲ್ಲೇ ಇಗರ್ಜಿಗೆ ಹೋಗುವುದು. ಮನೆ 9ರ ಎದುರು ಚಪ್ಪಡಿ ಮುರಿದು ತಿಂಗಳಾಯಿತು. ನಿನ್ನೆ ನನ್ನ ಮಗಳ ಕಾಲು ಒಳಗೆ ಹೋಯಿತು. ಮೊಣಕಾಲು ತರಚಿದೆ, ಜಾಸ್ತಿ ಏನಿಲ್ಲ. ಅವಳಿಗೆ ಚರಂಡಿಗೆ ಬಿದ್ದ ಹೂವಿನದ್ದೇ ಬೇಜಾರು.

ಮನೆ 9: ಎರಡು ಸಲ ದೂರು ಕೊಟ್ಟಾಯಿತು. ಗುಂಡಿಗೆ ಅಡ್ಡ ತೆಂಗಿನ ಮಡಲು ಇಟ್ಟಿದ್ದೆ. ಯಾರೋ ಕಾರು ನಿಲ್ಲಿಸಲಿಕ್ಕೆ ಅದನ್ನೂ ಎತ್ತಿ ಬಿಸಾಡಿದ್ದಾರೆ.

ಮನೆ 22: ಕಾರಿನ ಕಥೆ ಕೇಳಬೇಡಿ. ನಿನ್ನೆ ನನ್ನ ಗೇಟಿನ ಹೊರಗೆ ನಾನೇ ಇಪ್ಪತ್ತು ನಿಮಿಷ ಕಾದೆ. ಹಬ್ಬಕ್ಕೆ ನನ್ನ ತಕರಾರಿಲ್ಲ ಮಾರಾಯ್ರೆ. ಬೆಳಿಗ್ಗೆ ಆರಕ್ಕೇ ಮಕ್ಕಳು ಬಂದು ನಮ್ಮ ದಾಸವಾಳ ಪೂರ್ತಿ ಖಾಲಿ ಮಾಡಿದ್ದಾರೆ.

ಮನೆ 14: ಕೇಳಿ ಕೊಯ್ಯಿರಿ ಅಂತ ಹೇಳಿದ್ದೆ. ಕ್ಷಮಿಸಿ.

ಮನೆ 22: ಕೊಯ್ಯಲಿ ಬಿಡಿ. ಮೊಗ್ಗು ಬಿಟ್ಟರೆ ಸಾಕು.

ಮನೆ 5: ನಾನು ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರ ಅಲ್ವಾ, ಫಾದರ್ ಹತ್ತಿರ ಮಾತಾಡಿದೆ. ಕಾರುಗಳು ಶಾಲೆಯ ಮೈದಾನಕ್ಕೆ ಅಂತ ಇವತ್ತೇ ಪೂಜೆಯ ನಂತರ ಹೇಳುತ್ತಾರೆ. ಆದರೆ 8ಕ್ಕೆ ತೆನೆಯ ಮೆರವಣಿಗೆ ಇದೇ ಓಣಿಯಲ್ಲಿ. ಬಾಲೆ ಮರಿಯಮ್ಮನ ಮೂರ್ತಿ ಹೊತ್ತವರಿಗೆ ಕಾಲ ಬುಡ ಕಾಣುವುದಿಲ್ಲ.

ಮನೆ 17: ನಾವು ಹಾಸನದ ಕಡೆಯವರು, ಈ ವರ್ಷ ಬಂದದ್ದು. ತೆನೆ ಅಂದ್ರೆ ಭತ್ತದ್ದಾ?

ಮನೆ 5: ಹೌದು, ಹೊಸ ಭತ್ತದ್ದು. ಆಶೀರ್ವಾದ ಆದ ಮೇಲೆ ಮನೆಮನೆಗೆ ಕೊಡುತ್ತಾರೆ. ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಂದೊಂದು ಗುಟುಕು. ಆಮೇಲೆ ಊಟ. ಅವತ್ತು ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥ ಐದು, ಏಳು, ಒಂಬತ್ತು, ಹೀಗೆ ಬೆಸ ಲೆಕ್ಕದಲ್ಲೇ ಆಗಬೇಕು. ಆರು ಆಯಿತು ಅಂದ್ರೆ ನನ್ನ ಹೆಂಡತಿ ಉಪ್ಪಿನಕಾಯಿಯನ್ನೂ ಎಣಿಸುತ್ತಾಳೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಶುರುವಾದ ಹಬ್ಬ ಅಂತ ಹಿರಿಯರು ಹೇಳುವುದು. ಊಟಕ್ಕೆ ಬನ್ನಿ.

ಮನೆ 22: ಹೊಸ ಅಕ್ಕಿ ಊಟ ನಮ್ಮಲ್ಲೂ ಉಂಟು. ಈಗ ಚಪ್ಪಡಿಗೆ ಬನ್ನಿ.

ಮನೆ 17: ನಾನು ಕಟ್ಟಡದ ಕೆಲಸದವನು. ಸೈಟಿನಲ್ಲಿ ಒಂದು ಚಪ್ಪಡಿ ಸುಮ್ನೆ ಬಿದ್ದಿದೆ. ಅಳತೆ ಹೇಳಿ.

ಮನೆ 9: ಈಗಷ್ಟೇ ಟೇಪು ಹಿಡಿದೆ. ಎರಡೂವರೆ ಅಡಿಗೆ ಮೂರು. ಇನ್ನೊಂದು ಮಾತು. ಹೋದ ವರ್ಷ ಹಬ್ಬಕ್ಕೆ ಮಕ್ಕಳು ತಿಂದ ಕಬ್ಬಿನ ಸಿಪ್ಪೆಯೆಲ್ಲ ಚರಂಡಿಗೆ ಹೋಗಿ, ಮಳೆಗೆ ನೀರು ನಮ್ಮ ಅಂಗಳಕ್ಕೆ ನುಗ್ಗಿತ್ತು.

ಮನೆ 5: ಈ ಸಲ ಗೇಟಿನ ಎರಡೂ ಬದಿ ಗೋಣಿ ಇಡಿಸುತ್ತೇನೆ. ಜವಾಬ್ದಾರಿ ನನ್ನದು.

ಸೆಪ್ಟೆಂಬರ್ 3

ಮನೆ 17: ಚಪ್ಪಡಿ ಬಂತು. ಪಿಕಪ್ ಬಾಡಿಗೆ 600, ಆಮೇಲೆ ಹಂಚಿಕೊಳ್ಳೋಣ. ಎತ್ತಲಿಕ್ಕೆ ನಾಲ್ಕು ಜನ ಬೇಕು. ಹಾರೆ ಯಾರ ಹತ್ತಿರ ಉಂಟು?

ಮನೆ 22: ನನ್ನ ಹತ್ತಿರ. ಆದರೆ ಗೇಟಿಗೆ ಅಡ್ಡ ಒಂದು ಬಿಳಿ ಕಾರು ನಿಂತಿದೆ. ಅದನ್ನು ತೆಗೆಸಿ, ತರುತ್ತೇನೆ.

ಮನೆ 5: ಅಯ್ಯೋ, ಅದು ನನ್ನ ಭಾವನದ್ದು. ಬಂದೆ.