ವೆಂಬ್ಲಿ ರೆಕಾರ್ಡಿಂಗ್‌ನಲ್ಲಿ ಇಡೀ ಮೈದಾನ ಹಾಡುತ್ತದೆ, ನಮ್ಮದರಲ್ಲಿ ಜನ ಎಲ್ಲಿ ಹೋದರು?

ಮಲ್ಪೆಗಾಳಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯ ನಾಲ್ಕು ಜನರ ರಾಕ್ ತಂಡ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಕಳೆದ ಜನವರಿಯಲ್ಲಿ ಮಲ್ಪೆ ಹತ್ತಿರದ ಒಂದು ಶಾಲೆಯ ಮೈದಾನದಲ್ಲಿ ನಮ್ಮ ಕಾರ್ಯಕ್ರಮ ಇತ್ತು. ಸುಮಾರು 600 ಜನ ಸೇರಿದ್ದರು. ಕೊನೆಯ ಎರಡು ಹಾಡಿಗೆ ಅವರೆಲ್ಲ ಎಷ್ಟು ಜೋರಾಗಿ ದನಿ ಸೇರಿಸಿದರು ಅಂದರೆ, ನಮ್ಮ ಹಾಡುಗಾರ ಮೈಕನ್ನು ಅವರ ಕಡೆ ತಿರುಗಿಸಿ ಸುಮ್ನೆ ನಿಂತುಬಿಟ್ಟ. ನನಗೆ ಮೈ ಜುಂ ಅಂದಿತ್ತು.

ಸೌಂಡ್‌ನವರು ಮಿಕ್ಸರ್‌ನಿಂದ ನೇರ ಪೆನ್ ಡ್ರೈವ್‌ಗೆ ರೆಕಾರ್ಡ್ ಮಾಡಿ ಕೊಟ್ಟರು. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದೆ. ಹಾಡುಗಾರನ ಗಂಟಲು ಕಿವಿಯೊಳಗೇ ಕೂತ ಹಾಗೆ ಕೇಳುತ್ತದೆ. ಡ್ರಮ್ಸ್ ಯಾರೋ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ. ಗಿಟಾರ್ ಹುಡುಕಬೇಕು. ಜನ ಇಲ್ಲವೇ ಇಲ್ಲ. ಆ ರಾತ್ರಿ ಬಂದವರೆಲ್ಲ ಎಲ್ಲಿ ಹೋದರು ಅಂತ ನನಗೆ ನಿಜವಾಗಿ ಬೇಸರ ಆಯಿತು. ಗೆಳೆಯ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ಜನ ಇದ್ದಾರೆ, ಆದರೆ ಕಿಕ್ ಡ್ರಮ್ ಬಿದ್ದಾಗಲೆಲ್ಲ ಸೌಂಡ್ ಒಡೆಯುತ್ತದೆ.

ನಾನು ಚಿಕ್ಕವನಿದ್ದಾಗ, ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಮಾವ ಊರಿಗೆ ಬರುವಾಗ ಇಂಗ್ಲೆಂಡಿನ ಕ್ವೀನ್ ಅನ್ನುವ ರಾಕ್ ತಂಡದ ವೆಂಬ್ಲಿ ಕ್ಯಾಸೆಟ್ ತಂದಿದ್ದರು. ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ 1986ರ ಜುಲೈ 11 ಮತ್ತು 12ರಂದು ನಡೆದ ಕಾರ್ಯಕ್ರಮ ಅದು. ಆಲ್ಬಂ ಆಗಿ ಬಂದದ್ದು 1992ರಲ್ಲಿ. ಅಷ್ಟರಲ್ಲಿ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡಾಗಿತ್ತು. ಅವನು ಒಂದು ಸ್ವರ ಎಳೆದು ಕರೆಯುತ್ತಾನೆ, ಸುಮಾರು 72,000 ಜನ ಅದೇ ಸ್ವರದಲ್ಲಿ ಓಗೊಡುತ್ತಾರೆ. ಆ ಓಗೊಡುವಿಕೆ ಎದುರಿನಿಂದ ಬರುವುದಿಲ್ಲ, ಸುತ್ತಲಿಂದ ಬಂದು ನಮ್ಮನ್ನು ಮುಚ್ಚಿಕೊಳ್ಳುತ್ತದೆ. ಅಷ್ಟು ಹಳೆಯ ಕಾಲದಲ್ಲಿ ಅದನ್ನು ಹೇಗೆ ಹಿಡಿದರು?

ಬರುವ ಡಿಸೆಂಬರ್‌ನಲ್ಲಿ ಅದೇ ಮೈದಾನದಲ್ಲಿ ಮತ್ತೆ ಕಾರ್ಯಕ್ರಮ ಉಂಟು. ರೆಕಾರ್ಡಿಂಗ್‌ಗೆ ಅಂತ 10,000 ರೂಪಾಯಿ ತೆಗೆದಿಟ್ಟಿದ್ದೇವೆ. ಈ ಸಲ ನಮ್ಮ ಜನ ಅದರಲ್ಲಿ ಇರಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಕ್‌ಸೆಟ್_ಮಂಗಳೂರು:

ಇಪ್ಪತ್ತು ವರ್ಷದಿಂದ ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನೆಹರೂ ಮೈದಾನ, ಚರ್ಚ್ ಹಬ್ಬ, ಕೊಂಕಣಿ ಸಂಗೀತ ಸಂಜೆ, ಮದುವೆ ಎಲ್ಲ. ಮೊದಲು ಒಂದು ಮಾತು ಹೇಳುತ್ತೇನೆ. ನಿಮ್ಮ ಸೌಂಡ್‌ನವರದ್ದು ತಪ್ಪಿಲ್ಲ ಮಾರಾಯ್ರೆ. ಮಿಕ್ಸರ್‌ನಲ್ಲಿ ಅವರು ಮಾಡಿದ್ದು ಮೈದಾನಕ್ಕೆ ಬೇಕಾದ ಮಿಕ್ಸ್. ವೇದಿಕೆ ಮೇಲೆ ಡ್ರಮ್ಸ್ ತಾನಾಗಿಯೇ ಜೋರು, ಗಿಟಾರ್ ಆಂಪ್ಲಿಫೈಯರ್ ಕೂಡ ಜೋರು. ಅದಕ್ಕೆ ಸ್ಪೀಕರಿನಲ್ಲಿ ಅವನ್ನು ಕಡಿಮೆ ಇಡುತ್ತೇವೆ. ದನಿಗೆ ಮಾತ್ರ ಮೈಕ್ ಇಲ್ಲದಿದ್ದರೆ ಗತಿ ಇಲ್ಲ, ಅದಕ್ಕೆ ಜಾಸ್ತಿ. ಮೈದಾನದಲ್ಲಿ ನಿಂತವನಿಗೆ ಎರಡೂ ಸೇರಿ ಸರಿಯಾಗಿ ಕೇಳುತ್ತದೆ. ಪೆನ್ ಡ್ರೈವ್‌ಗೆ ಹೋದದ್ದು ಅರ್ಧ ಮಾತ್ರ. ಜನರ ಮುಂದೆ ಮೈಕೇ ಇರಲಿಲ್ಲ, ಹಾಗಾಗಿ ಅವರು ಬರಲು ದಾರಿಯೇ ಇರಲಿಲ್ಲ.

ದೊಡ್ಡ ಕಾರ್ಯಕ್ರಮಗಳಲ್ಲಿ ಪ್ರತಿ ಮೈಕಿನ ತಂತಿಯನ್ನೂ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ ಒಡೆಯುತ್ತಾರೆ. ಒಂದು ಎಳೆ ಮೈದಾನದ ಮಿಕ್ಸರ್‌ಗೆ, ಒಂದು ವೇದಿಕೆಯ ಮಾನಿಟರ್‌ಗೆ (ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್), ಇನ್ನೊಂದು ಹೊರಗೆ ನಿಂತ ರೆಕಾರ್ಡಿಂಗ್ ವ್ಯಾನಿಗೆ. ವ್ಯಾನಿನೊಳಗೆ ಬೇರೆಯೇ ಜನ, ಬೇರೆಯೇ ಮಿಕ್ಸರ್, ವೆಂಬ್ಲಿ ಕಾಲದಲ್ಲಾದರೆ ಅಗಲ ಟೇಪಿನ ಮೇಲೆ ಕಿಕ್ ಡ್ರಮ್, ಸ್ನೇರ್ ಡ್ರಮ್, ಬೇಸ್, ದನಿ ಎಲ್ಲ ಬೇರೆ ಬೇರೆ ಟ್ರ್ಯಾಕ್. ಜೊತೆಗೆ ಜನರ ಕಡೆ ಮುಖ ಮಾಡಿದ ಮೈಕ್‌ಗಳು. ಮಿಕ್ಸಿಂಗ್ ನಡೆಯುವುದು ಆಮೇಲೆ, ಸ್ಟುಡಿಯೋದಲ್ಲಿ ಸಮಾಧಾನವಾಗಿ ಕೂತು.

ಇವತ್ತು ನಿಮಗೆ ವ್ಯಾನ್ ಬೇಡ. ಬೆಹ್ರಿಂಗರ್ ಎಕ್ಸ್32 ಅಥವಾ ಮೈಡಾಸ್ ಎಂ32 ಡಿಜಿಟಲ್ ಮಿಕ್ಸರ್ ಇಟ್ಟುಕೊಂಡ ಸೌಂಡ್‌ನವರನ್ನು ಹಿಡಿಯಿರಿ. ಅದರ ಹಿಂದಿನ ಯುಎಸ್‌ಬಿಯಿಂದ 32 ಟ್ರ್ಯಾಕ್ ಒಂದೇ ಕೇಬಲ್ಲಿನಲ್ಲಿ ಲ್ಯಾಪ್‌ಟಾಪ್‌ಗೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು. 24 ಬಿಟ್, 48 ಕಿಲೋಹರ್ಟ್ಸ್. ಲೆವೆಲ್ ಮೈನಸ್ 18 ಡೆಸಿಬೆಲ್ ಆಸುಪಾಸು ಇರಲಿ, ಎಷ್ಟೇ ಜೋರಾದರೂ ಮೈನಸ್ 6 ದಾಟಬಾರದು. ಮೆಲ್ಲಗೆ ಬಂದದ್ದನ್ನು ಆಮೇಲೆ ಎತ್ತಬಹುದು, ಒಡೆದ ಸೌಂಡನ್ನು ಯಾರೂ ಕೂಡಿಸಲಾರರು. ಇನ್ನೊಂದು, ಸೌಂಡ್‌ನವರಿಗೆ ಮೊದಲೇ ಹೇಳಿ: ಕಾರ್ಯಕ್ರಮ ಶುರುವಾದ ಮೇಲೆ ಗೇನ್ (ಮೈಕಿನ ದನಿ ಮಿಕ್ಸರ್ ಒಳಗೆ ಬರುವಾಗಲೇ ಎತ್ತುವ ಗುಂಡಿ) ಮುಟ್ಟಬೇಡಿ, ಫೇಡರಿನಲ್ಲೇ (ಸ್ಪೀಕರಿಗೆ ಹೋಗುವ ಮಟ್ಟದ ಜಾರುಗುಂಡಿ) ಕೆಲಸ ಮಾಡಿ ಅಂತ. ಗೇನ್ ತಿರುಗಿಸಿದರೆ ನಿಮ್ಮ ರೆಕಾರ್ಡಿಂಗ್‌ನಲ್ಲೂ ಹಾಡಿನ ನಡುವೆ ಏರಿಳಿತ ಆಗುತ್ತದೆ.

ಜನರ ದನಿಗೆ ಎರಡು ಕಂಡೆನ್ಸರ್ ಮೈಕ್ (ಮೆಲ್ಲನೆಯ ದನಿಯನ್ನೂ ಹಿಡಿಯುವಂಥದ್ದು). ವೇದಿಕೆಯ ಎರಡು ಮೂಲೆಯಲ್ಲಿ, ಸ್ಪೀಕರ್ ಸಾಲಿನ ಹಿಂದೆ, ಜನರ ಕಡೆ ನೋಡುವ ಹಾಗೆ. ಮುಂದೆ ಇಟ್ಟರೆ ಸ್ಪೀಕರೇ ತುಂಬಿಕೊಳ್ಳುತ್ತದೆ. ಇವನ್ನು ಮೈದಾನದ ಸ್ಪೀಕರಿಗೆ ಕಳಿಸಲೇಬೇಡಿ, ಕುಂಯ್ ಅಂತ ಕೂಗುತ್ತದೆ. ರೆಕಾರ್ಡಿಂಗ್‌ಗೆ ಮಾತ್ರ.

ಹಳೆಕ್ಯಾಸೆಟ್:

ಕೇಳುಗನಾಗಿ ನನ್ನ ಎರಡು ಮಾತು. ಬೀಟಲ್ಸ್ 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಹಾಡಿದಾಗ 55,000ಕ್ಕೂ ಜಾಸ್ತಿ ಜನ ಇದ್ದರು. ಗಿಟಾರಿಗೆ ಇದ್ದದ್ದು 100 ವಾಟ್‌ನ ವಾಕ್ಸ್ ಆಂಪ್ಲಿಫೈಯರ್. ಜೊತೆಗೆ ಬೇಸ್‌ಬಾಲ್ ಆಟದ ಘೋಷಣೆಗೆ ಇಟ್ಟಿದ್ದ ಮೈದಾನದ ಸ್ಪೀಕರ್. ಈಗ ನಮ್ಮಲ್ಲಿ ಒಂದು ಮದುವೆಗೂ ಅದಕ್ಕಿಂತ ಜಾಸ್ತಿ ತರುತ್ತಾರೆ ಅಲ್ವಾ? ಕಿರುಚಾಟದಲ್ಲಿ ಅವರಿಗೆ ತಮ್ಮ ಹಾಡೇ ಕೇಳಿಸಲಿಲ್ಲ. ಆ ಕಾರ್ಯಕ್ರಮದ ಚಿತ್ರ ಮಾಡುವಾಗ 1966ರ ಜನವರಿಯಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಕೂತು ಕೆಲವು ಭಾಗಗಳನ್ನು ಮತ್ತೆ ನುಡಿಸಿ ಸೇರಿಸಬೇಕಾಯಿತು. ಅಲ್ಲಿ ಜನ ಇದ್ದರು, ಹಾಡು ಇರಲಿಲ್ಲ. ನಿಮ್ಮದರಲ್ಲಿ ಹಾಡು ಉಂಟು, ಜನ ಇಲ್ಲ. ಅಲ್ಲಿಂದ ಇಪ್ಪತ್ತೊಂದು ವರ್ಷಕ್ಕೆ ವೆಂಬ್ಲಿಯಲ್ಲಿ ಎರಡೂ ಒಟ್ಟಿಗೆ ಸಿಕ್ಕಿತು.

ಹೀಗೆ ಆಮೇಲೆ ಸ್ಟುಡಿಯೋದಲ್ಲಿ ಸರಿ ಮಾಡುವುದು ಲೈವ್ ಆಲ್ಬಂಗಳಲ್ಲಿ ಬಹಳ ನಡೆಯುತ್ತದೆ. ಒಂದು ತಪ್ಪಿದ ಸ್ವರ ತಿದ್ದಿದರೆ ನನಗೆ ಕೋಪ ಬರುವುದಿಲ್ಲ. ಆದರೆ ಬೇರೆ ಎಲ್ಲಿಂದಲೋ ಚಪ್ಪಾಳೆ ತಂದು ಅಂಟಿಸಬೇಡಿ, ದಮ್ಮಯ್ಯ. ಕಂಪ್ಯೂಟರಿನಲ್ಲಿ ಸಾವಿರ ಜನರ ಚಪ್ಪಾಳೆ ಪುಕ್ಕಟೆ ಸಿಗುತ್ತದೆ, ಆಸೆ ಆಗುತ್ತದೆ. ನಿಮ್ಮ 600 ಜನರ ಗಲಾಟೆಯಲ್ಲಿ ತುಳುವಿನಲ್ಲಿ ಕೂಗುವ ಒಬ್ಬ ಇರುತ್ತಾನೆ, ಅಳುವ ಮಗು ಇರುತ್ತದೆ, ಕಡಲೆ ಮಾರುವವನು ಇರುತ್ತಾನೆ. ಅದು ಮಲ್ಪೆ. ಅದನ್ನು ತೆಗೆದು ಬೇರೆ ಊರಿನ ಜನರನ್ನು ಕೂರಿಸಿದರೆ ನಿಮ್ಮ ರಾತ್ರಿ ನಿಮ್ಮದಾಗಿ ಉಳಿಯುವುದಿಲ್ಲ.

ಎಸಿ/ಡಿಸಿ ತಂಡದವರು 2009ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ ಮೂರು ರಾತ್ರಿ ನುಡಿಸಿದ್ದನ್ನೂ ಕೇಳಿ ನೋಡಿ. ಆ ಜನ ಪದ ಇಲ್ಲದ ಕಡೆ ಗಿಟಾರಿನ ರಾಗವನ್ನೇ ಬಾಯಲ್ಲಿ ಹಾಡುತ್ತಾರೆ. ಲಂಡನ್ನಿನ ಜನರ ದನಿ ಬೇರೆ, ಅವರ ದನಿ ಬೇರೆ. ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಅಂದ ಹಾಗೆ ಫ್ರೆಡ್ಡಿ ಓದಿದ್ದು, ಮೊದಲ ಬ್ಯಾಂಡಿನಲ್ಲಿ ನುಡಿಸಿದ್ದು ನಮ್ಮ ಪಕ್ಕದ ರಾಜ್ಯದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ನನಗೆ ಇದು ಯಾವಾಗಲೂ ಖುಷಿ ಕೊಡುತ್ತದೆ.

ಮಲ್ಪೆಗಾಳಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚಪ್ಪಾಳೆ ಅಂಟಿಸುವ ಯೋಚನೆ ನಮ್ಮ ಡ್ರಮ್ಮರ್‌ಗೆ ನಿಜವಾಗಿ ಇತ್ತು. ಅವನಿಗೆ ಇದನ್ನು ಓದಿಸಿದೆ, ಬಿಟ್ಟುಬಿಟ್ಟ. ಒಂದು ಅನುಮಾನ. ವೆಂಬ್ಲಿ ವಿಡಿಯೋದಲ್ಲಿ ಎಲ್ಲರೂ ಕೈ ಮೇಲೆತ್ತಿ ಚಪ್ಪಾಳೆ ಹೊಡೆಯುವಾಗ ಮುಂದಿನವರ ಕೈ ಮೊದಲು, ಹಿಂದಿನವರ ಕೈ ಆಮೇಲೆ, ಗದ್ದೆಯಲ್ಲಿ ಗಾಳಿ ಹೋದ ಹಾಗೆ ಕಾಣುತ್ತದೆ. ಹಾಗಿದ್ದರೂ ಹಾಡಿನ ತಾಳ ಕೆಡುವುದಿಲ್ಲ. ಅದು ಹೇಗೆ?

ಚೆಂಡೆಪೆಟ್ಟು:

ಇದಕ್ಕೆ ಉತ್ತರ ನಮ್ಮ ಬಯಲಾಟದಲ್ಲೇ ಉಂಟು. ನಾನು ಹತ್ತು ವರ್ಷದಿಂದ ಯಕ್ಷಗಾನ ರೆಕಾರ್ಡ್ ಮಾಡುತ್ತಿದ್ದೇನೆ. ಕೊಯ್ಲಾದ ಗದ್ದೆಯಲ್ಲಿ ಆಟ ಆಗುವಾಗ ತುಂಬಾ ಹಿಂದೆ ಕೂತು ನೋಡಿ. ಚೆಂಡೆಯ ಕೋಲು ಬಿದ್ದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ನಮ್ಮ ಸೆಕೆಯಲ್ಲಿ ಒಂಚೂರು ಜಾಸ್ತಿ, 349ರ ಹತ್ತಿರ. ಅಂದರೆ 35 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ. 100 ಮೀಟರ್ ದೂರ ನಿಂತವನಿಗೆ ಹಾಡು ಮುಟ್ಟುವಾಗ ಸುಮಾರು 0.29 ಸೆಕೆಂಡ್ ಆಗಿರುತ್ತದೆ. ಅವನು ಕೇಳಿದ ತಾಳಕ್ಕೆ ಸರಿಯಾಗಿಯೇ ಹೊಡೆಯುತ್ತಾನೆ. ಆದರೆ ಆ ಚಪ್ಪಾಳೆ ವೇದಿಕೆಗೆ ವಾಪಸ್ ಬರಲು ಮತ್ತೆ ಅಷ್ಟೇ ಹೊತ್ತು. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಅಷ್ಟರಲ್ಲಿ ಒಂದು ಪೆಟ್ಟು ಪೂರ್ತಿ ದಾಟಿ ಹೋಗಿರುತ್ತದೆ. ವೇದಿಕೆ ಮೇಲಿನವರು ಆ ಚಪ್ಪಾಳೆಯನ್ನು ನಂಬಿ ಬಾರಿಸಿದರೆ ಹಾಡು ನಿಧಾನ ಆಗುತ್ತಾ ಹೋಗುತ್ತದೆ. ಅದಕ್ಕೆ ಮಾನಿಟರ್ ಬೇಕು, ಡ್ರಮ್ಮರ್ ಗಟ್ಟಿ ಇರಬೇಕು.

ರೆಕಾರ್ಡಿಂಗ್‌ನಲ್ಲಿ ಇದು ನಿಮ್ಮ ಕೈಯಲ್ಲಿ ಉಂಟು. ಮಿಕ್ಸರ್ ಹತ್ತಿರ ಇನ್ನೂ ಎರಡು ಮೈಕ್ ಇಡಿ. ಅದರಲ್ಲಿ ಮೈದಾನದ ನಿಜವಾದ ಗಾಳಿ ಇರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತಡವಾಗಿ ಬಂದ ಆ ಟ್ರ್ಯಾಕನ್ನು ದೂರದ ಲೆಕ್ಕಕ್ಕೆ ಸರಿಯಾಗಿ ಬೇಗ ಶುರುವಾಗುವ ಹಾಗೆ ಎಳೆಯಿರಿ. ಎಳೆಯದೆ ಹಾಗೇ ಸೇರಿಸಿದರೆ ಸ್ನೇರ್ ಎರಡೆರಡು ಸಲ ಕೇಳುತ್ತದೆ, ಎಲ್ಲ ಕಲಸಿಹೋಗುತ್ತದೆ. ನಾನು ಮೊದಲ ವರ್ಷ ಇದು ಗೊತ್ತಿಲ್ಲದೆ ಒಂದು ಇಡೀ ಪ್ರಸಂಗದ ರೆಕಾರ್ಡಿಂಗ್ ಕಳೆದುಕೊಂಡೆ ಅಂದುಕೊಂಡಿದ್ದೆ. ಎಳೆದು ಕೂರಿಸಿದ ಮೇಲೆ ಭಾಗವತರ ದನಿಯ ಹಿಂದೆ ರಾತ್ರಿಯೇ ತೆರೆದುಕೊಂಡಿತು.

ಕಡಲ ಬದಿ ಅಂದಿರಿ. ಗಾಳಿಗೆ ಬರೀ ಸ್ಪಂಜ್ ಟೊಪ್ಪಿ ಸಾಲದು, ಮೇಲೆ ರೋಮದ ಹೊದಿಕೆಯೂ ಹಾಕಿ. ಡಿಸೆಂಬರ್ ರಾತ್ರಿ ಇಬ್ಬನಿ ಬೀಳುತ್ತದೆ, ಕಂಡೆನ್ಸರ್ ಮೈಕ್ ತೇವಕ್ಕೆ ಚಟಪಟ ಅನ್ನುತ್ತದೆ. ಕಾರ್ಯಕ್ರಮದವರೆಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟಿರಿ. ಮತ್ತೆ ಶಿಳ್ಳೆ ಹಾಕುವ ಹುಡುಗರ ಗುಂಪಿನ ತಲೆ ಮೇಲೆ ಮೈಕ್ ಬರಬಾರದು. ಸ್ಟ್ಯಾಂಡ್ ಎತ್ತರ ಇದ್ದಷ್ಟೂ ಒಬ್ಬನ ದನಿ ಹೋಗಿ ಎಲ್ಲರ ದನಿ ಆಗುತ್ತದೆ.

ಮೈಕ್‌ಸೆಟ್_ಮಂಗಳೂರು:

ಚೆಂಡೆಪೆಟ್ಟು ಹೇಳಿದ್ದು ಸರಿ, ಒಂದೇ ಕಡೆ ನನ್ನ ಅಭಿಪ್ರಾಯ ಬೇರೆ. ಪೂರ್ತಿ ಎಳೆದು ಕೂರಿಸಬೇಡಿ. 15–20 ಮಿಲಿಸೆಕೆಂಡ್ ತಡವಾಗಿಯೇ ಬಿಡಿ. ಎಲ್ಲ ಒಂದೇ ಗೆರೆಗೆ ಬಂದರೆ ಮೈದಾನ ಕುಗ್ಗಿ ಕೋಣೆ ಆಗುತ್ತದೆ. ಆ ಒಂಚೂರು ತಡದಲ್ಲೇ ಕಿವಿ ದೂರವನ್ನು ಅಳೆಯುವುದು. ಜನರ ಟ್ರ್ಯಾಕ್ ಹಾಡಿನ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇಡುವುದೂ ಬೇಡ. ಪಲ್ಲವಿಗೆ ಎತ್ತಿ, ಸಾಲು ಶುರುವಾದಾಗ ಮೆಲ್ಲಗೆ ಇಳಿಸಿ. ಕೈಯಲ್ಲೇ ಮಾಡಿ, ಹೊತ್ತು ಹಿಡಿಯುತ್ತದೆ.

ಚೆಂಡೆಪೆಟ್ಟು:

ರಾಕ್‌ಗೆ ಸರಿ ಇರಬಹುದು. ಚೆಂಡೆಗೆ 20 ಮಿಲಿಸೆಕೆಂಡ್ ಬಿಟ್ಟರೂ ಪೆಟ್ಟಿನ ಮೊನೆ ಹೋಗುತ್ತದೆ, ನಾನು ಬಿಡುವುದಿಲ್ಲ. ಎರಡೂ ಮಾಡಿ ಕೇಳಿ ನೋಡಿ.

ಮಲ್ಪೆಗಾಳಿ:

ಎರಡೂ ಮಾಡುತ್ತೇವೆ. ಎಕ್ಸ್32 ಇರುವ ಸೌಂಡ್‌ನವರು ಸಿಕ್ಕಿದ್ದಾರೆ. ಗೇನ್ ಮುಟ್ಟಬಾರದು ಅಂದಾಗ ಅವರೇ ಖುಷಿಪಟ್ಟು ಒಪ್ಪಿದರು. ನಾಲ್ಕು ಮೈಕ್ ಬಾಡಿಗೆಗೆ ತರುತ್ತೇವೆ. ಇವತ್ತು ಸಂಜೆ ಅಳತೆ ಟೇಪ್ ಹಿಡಿದು ಮೈದಾನಕ್ಕೆ ಹೋಗಿದ್ದೆವು. ಸ್ಪೀಕರ್ ನಿಲ್ಲುವ ಜಾಗದಿಂದ ಮಿಕ್ಸರ್ ಇಡುವ ತೆಂಗಿನ ಮರದವರೆಗೆ ಸರಿಯಾಗಿ 28 ಮೀಟರ್.

ಮೈಕ್‌ಸೆಟ್_ಮಂಗಳೂರು:

ಹಾಗಾದರೆ 80 ಮಿಲಿಸೆಕೆಂಡ್. ನನ್ನ ಲೆಕ್ಕದಲ್ಲಿ 60 ಎಳೆಯಿರಿ, ಚೆಂಡೆಪೆಟ್ಟು ಲೆಕ್ಕದಲ್ಲಿ ಪೂರ್ತಿ 80. ಕೇಬಲ್ ಮಾತ್ರ 50 ಮೀಟರಿನದ್ದು ತನ್ನಿ. ಜನರ ನಡುವೆ ನೇರ ಎಳೆಯಲು ಆಗುವುದಿಲ್ಲ, ಬೇಲಿ ಬದಿಯಿಂದ ಸುತ್ತಿಸಿ ತರಬೇಕು.